ಕಲಸಲು ಒಂದು ಮಧ್ಯಾಹ್ನ, ಮಾರಲು ಒಂದು ವರ್ಷ: ಹೊಸ ಕ್ರೀಮ್ ಹೇಳಿದ ದಿನಕ್ಕೆ ಯಾಕೆ ಬರುವುದಿಲ್ಲ?

ಮುಖಕ್ಕೆ ಹಚ್ಚುವ ಒಂದು ಸಾದಾ ಕ್ರೀಮನ್ನು ಲ್ಯಾಬಿನಲ್ಲಿ ಕಲಸಲು ಒಂದು ಮಧ್ಯಾಹ್ನ ಸಾಕು. ನೀರಿನ ಭಾಗ ಒಂದು ಪಾತ್ರೆಯಲ್ಲಿ, ಎಣ್ಣೆ ಮತ್ತು ಮೇಣದ ಭಾಗ ಇನ್ನೊಂದರಲ್ಲಿ. ಎರಡನ್ನೂ ಬಿಸಿ ಮಾಡಿ, ಸೇರಿಸಿ, ಜೋರಾಗಿ ಕಡೆದು, ತಣ್ಣಗಾಗುತ್ತಿದ್ದಂತೆ ಪರಿಮಳ ಹಾಕಿದರೆ ಆಯಿತು. ಆದರೆ ಅದೇ ಕ್ರೀಮ್ ಅಂಗಡಿಯ ಕಪಾಟಿಗೆ ಬರಲು ಒಂಬತ್ತು ತಿಂಗಳಿಂದ ಒಂದು ವರ್ಷ ಹಿಡಿಯುವುದು ಮಾಮೂಲು. ಎಷ್ಟೋ ಸಲ ಅಷ್ಟರಲ್ಲೂ ಬರುವುದಿಲ್ಲ.

ಇದು ಈಗ ದೊಡ್ಡ ಕಂಪನಿಗಳ ತಲೆನೋವು ಮಾತ್ರ ಅಲ್ಲ. ಸ್ವಂತ ಫ್ಯಾಕ್ಟರಿ ಇಲ್ಲದೆ, ಬೇರೆಯವರ ಹತ್ತಿರ ಮಾಡಿಸಿ ತಮ್ಮ ಹೆಸರಿನಲ್ಲಿ ಮಾರುವವರು ತುಂಬಾ ಜನ ಇದ್ದಾರೆ. ಅವರು ಮೊದಲು ಎಡವುವುದೇ ತಾರೀಖಿನಲ್ಲಿ. ಜಾಹೀರಾತು ಮೊದಲೇ ಹೋಗಿರುತ್ತದೆ, ಮುಂಗಡ ಬುಕಿಂಗ್ ಆಗಿರುತ್ತದೆ, ಸರಕು ಮಾತ್ರ ಇರುವುದಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಕಥೆ. ಈ ತಡ ಎಲ್ಲಿ ಹುಟ್ಟುತ್ತದೆ, ಯಾವುದನ್ನು ತಪ್ಪಿಸಬಹುದು, ಯಾವುದನ್ನು ತಪ್ಪಿಸಲು ಆಗುವುದೇ ಇಲ್ಲ, ಒಂದೊಂದಾಗಿ ನೋಡೋಣ.

ಎರಡು ಥರದ ಸಮಯ

ಮನೆ ಕಟ್ಟುವುದನ್ನು ನೆನಪಿಸಿಕೊಳ್ಳಿ. ಗೋಡೆ ಬೇಗ ಏಳಬೇಕು ಅಂದರೆ ಇನ್ನಿಬ್ಬರು ಗಾರೆಯವರನ್ನು ಕರೆಸಬಹುದು. ಆದರೆ ಹಾಕಿದ ಕಾಂಕ್ರೀಟ್ ಗಟ್ಟಿಯಾಗುವುದಕ್ಕೆ ಹತ್ತು ಜನ ಸುತ್ತ ನಿಂತು ನೋಡಿದರೂ ಅದರ ಟೈಮ್ ಅದು ತೆಗೆದುಕೊಳ್ಳುತ್ತದೆ. ನೀರು ಹಾಕುತ್ತಾ ಕಾಯಬೇಕು, ಅಷ್ಟೇ.

ಸೌಂದರ್ಯವರ್ಧಕಗಳ ಕೆಲಸದಲ್ಲೂ ಈ ಎರಡೂ ಇವೆ. ಲೇಬಲ್ ಡಿಸೈನ್, ಫೋಟೋ, ಬಾಟಲಿ ತುಂಬುವುದು, ಸಾಗಣೆ ಇವೆಲ್ಲ ಗೋಡೆಯ ಥರ. ದುಡ್ಡೋ ಜನವೋ ಸುರಿದರೆ ಒಂದಷ್ಟು ಬೇಗ ಆಗುತ್ತವೆ. ಕ್ರೀಮ್ ಕೆಡುತ್ತದೆಯೇ, ಅದರಲ್ಲಿ ಬೂಷ್ಟು ಬೆಳೆಯುತ್ತದೆಯೇ, ಚರ್ಮಕ್ಕೆ ತೊಂದರೆ ಕೊಡುತ್ತದೆಯೇ ಎಂದು ನೋಡುವ ಪರೀಕ್ಷೆಗಳು ಕಾಂಕ್ರೀಟ್ ಥರ. ಇವಕ್ಕೆ ಇನ್ನೂ ಒಂದು ಕೆಟ್ಟ ಗುಣ ಇದೆ. ನಡುವೆ ಫಾರ್ಮುಲಾ ಮುಟ್ಟಿದರೆ ಎಣಿಕೆ ಮತ್ತೆ ಒಂದನೇ ದಿನದಿಂದ ಶುರು.

ತಡವಾದ ಲಾಂಚ್‌ಗಳನ್ನು ಕೆದಕಿ ನೋಡಿದರೆ ಒಳಗೆ ಸಿಗುವುದು ಬಹುಪಾಲು ಇದೇ. ಯಾರೋ ಸೋಮಾರಿತನ ಮಾಡಿದ್ದಲ್ಲ, ಯಾರೋ ತಡವಾಗಿ ಮನಸ್ಸು ಬದಲಿಸಿದ್ದು.

ಬ್ರೀಫ್ ಅಂದರೆ ಏನು, ಅದೇಕೆ ಅಷ್ಟು ಮುಖ್ಯ

ಏನು ಮಾಡಬೇಕು ಎಂದು ಲ್ಯಾಬಿಗೆ ಬರೆದುಕೊಡುವ ಕಾಗದಕ್ಕೆ ಬ್ರೀಫ್ ಎನ್ನುತ್ತಾರೆ. 'ಹಗುರವಾಗಿರಬೇಕು, ಐಷಾರಾಮಿ ಅನ್ನಿಸಬೇಕು' ಎಂದು ಬರೆದರೆ ಅದು ಬ್ರೀಫ್ ಅಲ್ಲ, ಆಸೆ. ಹಗುರ ಅಂದರೆ ಒಬ್ಬರಿಗೆ ನೀರಿನ ಹಾಗೆ, ಇನ್ನೊಬ್ಬರಿಗೆ ಬೆಣ್ಣೆ ಕರಗಿದ ಹಾಗೆ. ಕೆಮಿಸ್ಟ್ ಊಹೆ ಮಾಡಿ ಒಂದು ಸ್ಯಾಂಪಲ್ ಕಳಿಸುತ್ತಾರೆ, 'ಇದಲ್ಲ' ಎಂಬ ಉತ್ತರ ಬರುತ್ತದೆ. ಇನ್ನೊಂದು ಸ್ಯಾಂಪಲ್. ಒಂದೊಂದು ಸುತ್ತಿಗೂ ಎರಡು ವಾರ ಅಂದುಕೊಳ್ಳಿ. ಆರು ಸುತ್ತಾದರೆ ಮೂರು ತಿಂಗಳು ಹೋಯಿತು, ಇನ್ನೂ ಒಂದು ಪರೀಕ್ಷೆಯೂ ಶುರುವಾಗಿಲ್ಲ.

ಕೆಲಸಕ್ಕೆ ಬರುವ ಬ್ರೀಫಿನಲ್ಲಿ ಮಾರುಕಟ್ಟೆಯಲ್ಲಿ ಈಗಾಗಲೇ ಇರುವ ಒಂದು ಮಾದರಿ ಇರುತ್ತದೆ: 'ಇದರಷ್ಟು ದಪ್ಪ, ಇದಕ್ಕಿಂತ ಕಡಿಮೆ ಜಿಡ್ಡು'. ಯಾವ ದೇಶಗಳಲ್ಲಿ ಮಾರುತ್ತೀರಿ, ಯಾವ ಪದಾರ್ಥ ಬೇಡವೇ ಬೇಡ, ಟ್ಯೂಬೋ ಪಂಪೋ ಡಬ್ಬಿಯೋ, ಪ್ಯಾಕಿನ ಮೇಲೆ ಏನೆಂದು ಹೇಳಿಕೊಳ್ಳುತ್ತೀರಿ, ಇವೆಲ್ಲ ಇರುತ್ತವೆ. ಕೊನೆಯದು ಸಣ್ಣ ವಿಷಯ ಅನ್ನಿಸಬಹುದು. ಆದರೆ '24 ಗಂಟೆ ತೇವಾಂಶ' ಎಂದು ಬರೆಯಬೇಕಾದರೆ ಅದಕ್ಕೆ ಜನರ ಮೇಲೆ ಮಾಡಿದ ಅಳತೆ ಬೇಕು, ಆ ಅಳತೆಗೆ ವಾರಗಳು ಬೇಕು. ಆ ಸಾಲು ಕೊನೆಯ ತಿಂಗಳಲ್ಲಿ ಹೊಳೆದರೆ ಕಷ್ಟ.

ಇನ್ನೊಂದು ಮಾತು. ಸ್ಯಾಂಪಲ್‌ಗೆ 'ಹೂಂ' ಅನ್ನುವವರು ಒಬ್ಬರೇ ಇರಬೇಕು. ಐದು ಜನ ಕೈಗೆ ಹಚ್ಚಿಕೊಂಡು ಐದು ಅಭಿಪ್ರಾಯ ಕೊಟ್ಟರೆ ಕೆಮಿಸ್ಟ್ ಯಾರ ಮಾತು ಕೇಳಬೇಕು? ಲ್ಯಾಬಿನಲ್ಲಿ ಕಳೆಯುವುದಕ್ಕಿಂತ ಜಾಸ್ತಿ ದಿನ ಸ್ಯಾಂಪಲ್‌ಗಳು ಯಾರದೋ ಮೇಜಿನ ಮೇಲೆ ಸುಮ್ನೆ ಕೂತಿರುತ್ತವೆ.

ಬಿಸಿ ಪೆಟ್ಟಿಗೆಯಲ್ಲಿ ಮೂರು ತಿಂಗಳು

ಈಗ ಕಾಯಲೇಬೇಕಾದ ಭಾಗಕ್ಕೆ ಬರೋಣ. ಕ್ರೀಮ್ ಅಂದರೆ ಎಣ್ಣೆ ಮತ್ತು ನೀರು ಬಲವಂತವಾಗಿ ಒಟ್ಟಿಗೆ ಇರುವ ಸಂಸಾರ. ಎಮಲ್ಸಿಫೈಯರ್ ಎಂಬ ಪದಾರ್ಥ ನಡುವೆ ನಿಂತು ಎರಡನ್ನೂ ಹಿಡಿದುಕೊಂಡಿರುತ್ತದೆ. ಸಮಯ ಕಳೆದಂತೆ ಹಿಡಿತ ಸಡಿಲವಾದರೆ ಎಣ್ಣೆ ಮೇಲೆ ತೇಲುತ್ತದೆ. ಬಣ್ಣ ತಿರುಗಬಹುದು, ವಾಸನೆ ಕೆಡಬಹುದು, ತೆಳುವಾಗಬಹುದು. ವಿಟಮಿನ್ ಸಿ ಹಾಕಿದ ಸೀರಮ್ ಗಾಳಿ ತಾಕಿ ಕಂದಾಗುವುದನ್ನು ನೀವೇ ನೋಡಿರಬಹುದು.

ಎರಡು ವರ್ಷ ಬಾಳುತ್ತದೆ ಎಂದು ಹೇಳಲು ಎರಡು ವರ್ಷ ಕಾದು ಕೂರಲಾಗುವುದಿಲ್ಲ, ಅಲ್ವಾ? ಅದಕ್ಕೆ ಕೆಮಿಸ್ಟ್‌ಗಳು ಒಂದು ಉಪಾಯ ಮಾಡುತ್ತಾರೆ. ಬಿಸಿಯಲ್ಲಿ ರಾಸಾಯನಿಕ ಕ್ರಿಯೆ ಬೇಗ ನಡೆಯುತ್ತದೆ. 10 ಡಿಗ್ರಿ ಏರಿದರೆ ವೇಗ ಹೆಚ್ಚುಕಡಿಮೆ ಎರಡು ಪಟ್ಟು ಎಂಬುದು ಒಂದು ಒರಟು ಲೆಕ್ಕ. ಹಾಗಾಗಿ ಸ್ಯಾಂಪಲ್‌ಗಳನ್ನು 40 ಅಥವಾ 45 ಡಿಗ್ರಿ ಸೆಲ್ಸಿಯಸ್‌ನ ಪೆಟ್ಟಿಗೆಯಲ್ಲಿ ಇಡುತ್ತಾರೆ. ಜೊತೆಗೆ 25 ಡಿಗ್ರಿಯಲ್ಲಿ ಕೆಲವು, ಫ್ರಿಜ್ಜಿನಲ್ಲಿ ಕೆಲವು, ಕಿಟಕಿ ಬೆಳಕಿನಲ್ಲಿ ಕೆಲವು. ಇನ್ನು ಕೆಲವನ್ನು ಹೆಪ್ಪುಗಟ್ಟಿಸಿ, ಕರಗಿಸಿ, ಮತ್ತೆ ಹೆಪ್ಪುಗಟ್ಟಿಸಿ ಗೋಳಾಡಿಸುತ್ತಾರೆ. ಇದೇ ಸ್ಟೆಬಿಲಿಟಿ ಟೆಸ್ಟ್. ಬಿಸಿ ಪೆಟ್ಟಿಗೆಯ ಭಾಗಕ್ಕೆ ಸಾಮಾನ್ಯವಾಗಿ 12 ವಾರ. ವಾರಗಳ ಅಂತರದಲ್ಲಿ ತೆಗೆದು ಬಣ್ಣ, ವಾಸನೆ, ದಪ್ಪ, ಪಿಎಚ್ (ಆಮ್ಲ-ಕ್ಷಾರದ ಮಟ್ಟ) ಅಳೆದು ಬರೆದಿಡುತ್ತಾರೆ.

ಹಾಗಾದರೆ 60 ಡಿಗ್ರಿಯಲ್ಲಿಟ್ಟು ಇನ್ನೂ ಬೇಗ ಮುಗಿಸಬಾರದೇ? ಒಳ್ಳೆಯ ಪ್ರಶ್ನೆ, ಎಲ್ಲರೂ ಕೇಳುತ್ತಾರೆ. ಅಷ್ಟು ಬಿಸಿಯಲ್ಲಿ ಮೇಣ ಕರಗುತ್ತದೆ, ಮಾಮೂಲಿ ಕೋಣೆಯಲ್ಲಿ ಎಂದೂ ಒಡೆಯದ ಕ್ರೀಮ್ ಒಡೆಯುತ್ತದೆ. ಆಗ ಪರೀಕ್ಷೆ ಹೇಳುವುದು ಬೇರೆಯದೇ ಕಥೆ. ಬಿಸಿಯಿಂದ ಸಮಯವನ್ನು ಸ್ವಲ್ಪ ಮಡಚಬಹುದು, ಹಿಂಡಲು ಬರುವುದಿಲ್ಲ.

ಎಂಟನೇ ವಾರದಲ್ಲಿ ಮಾರಾಟದವರು ಬಂದು 'ಪರಿಮಳ ಸ್ವಲ್ಪ ಬದಲಿಸೋಣ' ಅನ್ನುತ್ತಾರೆ ಅಂತ ಇಟ್ಟುಕೊಳ್ಳಿ. ಪರಿಮಳ ತಾನೇ, ಅದರಲ್ಲೇನಿದೆ ಅನ್ನಿಸುತ್ತದೆ. ಆದರೆ ಪರಿಮಳ ಎಂದರೆ ಹತ್ತಾರು ರಾಸಾಯನಿಕಗಳ ಮಿಶ್ರಣ. ಅದು ಕ್ರೀಮನ್ನು ತೆಳುಮಾಡಬಹುದು. ವೆನಿಲಿನ್ ಇರುವ ಪರಿಮಳವಾದರೆ ಬಿಳಿ ಕ್ರೀಮ್ ನಿಧಾನಕ್ಕೆ ಕಂದಾಗುತ್ತದೆ. ಹೊಸ ಪರಿಮಳ ಬಂದರೆ 12 ವಾರದ ಎಣಿಕೆಯೂ ಹೊಸದೇ. ಇದಕ್ಕಾಗಿಯೇ 'ಫಾರ್ಮುಲಾ ಫ್ರೀಜ್' ಎಂಬ ಒಂದು ದಿನವನ್ನು ಗೊತ್ತು ಮಾಡುತ್ತಾರೆ. ಆ ದಿನದ ಮೇಲೆ ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ಎಷ್ಟು ವಾರ ಹೋಗುತ್ತದೆ ಎಂಬುದನ್ನು ಅದೇ ಕಾಗದದಲ್ಲಿ ಬರೆದಿಟ್ಟರೆ ಮಾತು ಬೇಗ ಮುಗಿಯುತ್ತದೆ.

ಬೇಕೆಂದೇ ಸೂಕ್ಷ್ಮಜೀವಿ ಬಿಡುವ 28 ದಿನ

ನೀರಿರುವ ಎಲ್ಲ ಕ್ರೀಮ್‌ನಲ್ಲೂ ಸೂಕ್ಷ್ಮಜೀವಿಗಳು ಬೆಳೆಯಬಹುದು. ನಾವು ದಿನಾ ಬೆರಳು ಅದ್ದುತ್ತೇವೆ, ಮುಚ್ಚಳ ತೆರೆದಿಡುತ್ತೇವೆ. ಅದಕ್ಕೇ ಪ್ರಿಸರ್ವೇಟಿವ್ ಹಾಕುವುದು. ಅದು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ನೋಡುವುದು ಚಾಲೆಂಜ್ ಟೆಸ್ಟ್. ಇದಕ್ಕೆ ಐಎಸ್ಒ 11930 ಎಂಬ ಅಂತರರಾಷ್ಟ್ರೀಯ ವಿಧಾನವಿದೆ. ಕ್ರೀಮಿಗೆ ಬೇಕೆಂದೇ ಬ್ಯಾಕ್ಟೀರಿಯಾ, ಯೀಸ್ಟ್, ಬೂಷ್ಟು ಬೆರೆಸಿ, 7, 14, 28ನೇ ದಿನ ಎಷ್ಟು ಉಳಿದಿವೆ ಎಂದು ಎಣಿಸುತ್ತಾರೆ. ಕಟ್ಟುನಿಟ್ಟಿನ ಮಾನದಂಡದಲ್ಲಿ ಏಳನೇ ದಿನಕ್ಕೆ ಬ್ಯಾಕ್ಟೀರಿಯಾ ಸಾವಿರಕ್ಕೆ ಒಂದರಷ್ಟಕ್ಕೆ ಇಳಿದಿರಬೇಕು, ಆಮೇಲೆ ಮತ್ತೆ ಏರಬಾರದು.

28 ದಿನ ಅಂದರೆ 28 ದಿನ. ಫೇಲಾದರೆ ಪ್ರಿಸರ್ವೇಟಿವ್ ಬದಲಿಸಿ ಇನ್ನೊಂದು 28 ದಿನ, ಜೊತೆಗೆ ಸ್ಟೆಬಿಲಿಟಿಯೂ ಹೊಸದಾಗಿ. ಅದಕ್ಕೆ ಅನುಭವಸ್ಥರು ಈ ಪರೀಕ್ಷೆಯನ್ನು ಕೊನೆಗೆ ಇಟ್ಟುಕೊಳ್ಳುವುದಿಲ್ಲ. ಫಾರ್ಮುಲಾ ಹತ್ತಿರ ಹತ್ತಿರ ಒಪ್ಪಿಗೆಯಾಗುತ್ತಿದ್ದಂತೆಯೇ ಮೊದಲ ಸುತ್ತು ಮಾಡಿಸಿಬಿಡುತ್ತಾರೆ.

ಚರ್ಮದ ಮೇಲಿನ ಪರೀಕ್ಷೆಗಳೂ ಇವೆ. ಅಲರ್ಜಿ ಹುಟ್ಟಿಸುತ್ತದೆಯೇ ಎಂದು ನೋಡುವ, ಪದೇ ಪದೇ ಪಟ್ಟಿ ಅಂಟಿಸುವ ಪ್ಯಾಚ್ ಟೆಸ್ಟಿಗೆ ಸುಮಾರು ಆರು ವಾರ: ಮೂರು ವಾರ ಅಂಟಿಸುವುದು, ಸುಮಾರು ಎರಡು ವಾರ ಬಿಡುವು, ಮತ್ತೆ ಒಂದು ಸಲ ಅಂಟಿಸಿ ನೋಡುವುದು. ಆ ಬಿಡುವನ್ನು ಕಡಿತ ಮಾಡುವಂತಿಲ್ಲ, ದೇಹಕ್ಕೆ ಅಲರ್ಜಿ ಹುಟ್ಟಲು ಬೇಕಾದ ಸಮಯ ಅದು. ಸನ್‌ಸ್ಕ್ರೀನ್ ಆದರೆ ಎಸ್‌ಪಿಎಫ್ ಅಳತೆಯೂ ಸೇರುತ್ತದೆ. ಒಳ್ಳೆಯ ಸುದ್ದಿ ಏನೆಂದರೆ ಇವನ್ನು ಸ್ಟೆಬಿಲಿಟಿ ಜೊತೆಜೊತೆಗೇ ನಡೆಸಬಹುದು.

ಬಾಟಲಿಯದ್ದೇ ಕಾರುಬಾರು

ಒಳಗಿನ ಕ್ರೀಮ್ ಬಗ್ಗೆ ಇಷ್ಟೆಲ್ಲ ತಲೆಕೆಡಿಸಿಕೊಂಡವರು ಹೊರಗಿನ ಬಾಟಲಿಯನ್ನು ಮರೆತುಬಿಡುತ್ತಾರೆ. ವಿಚಿತ್ರ ಅಂದರೆ ಲಾಂಚನ್ನು ಹಿಡಿದು ನಿಲ್ಲಿಸುವುದು ಬಹಳ ಸಲ ಅದೇ.

ಮನೆಯವರೆಲ್ಲ ಹೊರಟು ನಿಂತಿದ್ದಾರೆ, ಒಬ್ಬರು ಮಾತ್ರ ಈಗ ಸ್ನಾನಕ್ಕೆ ಹೋದರು. ಉಳಿದವರು ಎಷ್ಟು ಬೇಗ ರೆಡಿಯಾದರೂ ಲಾಭವಿಲ್ಲ. ಹೊರಡುವ ಟೈಮ್ ಗೊತ್ತು ಮಾಡುವುದು ಕೊನೆಯವರೇ. ಒಂದು ಪಂಪ್ ಬಾಟಲಿಯಲ್ಲಿ ಬಾಟಲಿ, ಪಂಪ್, ಮುಚ್ಚಳ, ಲೇಬಲ್, ಹೊರಪೆಟ್ಟಿಗೆ ಎಂದು ಕಡೇಪಕ್ಷ ಐದು ಭಾಗಗಳು. ಒಂದೊಂದೂ ಒಂದೊಂದು ಕಡೆಯಿಂದ ಬರಬಹುದು. ನಾಲ್ಕು ಬಂದು ಮುಚ್ಚಳ ಬಾರದಿದ್ದರೆ ತುಂಬುವ ಲೈನ್ ನಿಂತಿತು.

ಇಲ್ಲಿ ದೊಡ್ಡ ಆಯ್ಕೆ ಒಂದೇ: ಆಗಲೇ ಇರುವ ಅಚ್ಚಿನ ಬಾಟಲಿಯೋ, ನಿಮ್ಮದೇ ಆಕಾರದ ಹೊಸ ಅಚ್ಚೋ. ಹೊಸ ಅಚ್ಚು ಅಂದರೆ ಉಕ್ಕಿನಲ್ಲಿ ಕೆತ್ತಬೇಕು, ಮೊದಲ ತುಂಡು ನೋಡಬೇಕು, ತಿದ್ದಬೇಕು. ಮೂರು ತಿಂಗಳಾದರೂ ಸೇರಿಸಿಕೊಳ್ಳಿ. ಮೊದಲ ಸಲ ಲಾಂಚ್ ಮಾಡುವವರಿಗೆ ಇರುವ ಅಚ್ಚೇ ವಾಸಿ. ಬಣ್ಣ, ಲೇಬಲ್‌ನಲ್ಲೇ ಬೇಕಾದಷ್ಟು ಬೇರೆತನ ತರಬಹುದು.

ಸಣ್ಣ ಅಳತೆಗಳೂ ಕೈಕೊಡುತ್ತವೆ. ಬಾಟಲಿಯ ಕುತ್ತಿಗೆಯನ್ನು 24/410, 24/415 ಎಂದೆಲ್ಲ ಗುರುತಿಸುತ್ತಾರೆ. ಮೊದಲ ಸಂಖ್ಯೆ ಮಿಲಿಮೀಟರ್ ಲೆಕ್ಕದಲ್ಲಿ ಅಗಲ, ಎರಡನೆಯದು ಮುಚ್ಚಳ ತಿರುಗಿಸಿ ಕೂರಿಸುವ ತಿರುಪಿನ ಶೈಲಿ. ಅಗಲ ಒಂದೇ, ಅಂದುಕೊಂಡು ಒಂದರ ಬಾಟಲಿಗೆ ಇನ್ನೊಂದರ ಪಂಪ್ ತರಿಸಿದರೆ ಸರಿಯಾಗಿ ಕೂರುವುದಿಲ್ಲ, ಸೋರುತ್ತದೆ. ಕಾಗದದ ಮೇಲೆ ಎರಡೂ '24', ಕೈಗೆ ಬಂದಾಗ ಮಾತ್ರ ಗೊತ್ತಾಗುತ್ತದೆ.

ಇನ್ನು ಹೊಂದಾಣಿಕೆ. ಕೆಲವು ಪರಿಮಳ, ಎಣ್ಣೆಗಳು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತವೆ ಅಥವಾ ಸೀಳಿಸುತ್ತವೆ. ದಪ್ಪ ಕ್ರೀಮನ್ನು ಕೆಲವು ಪಂಪ್‌ಗಳು ಎಳೆಯುವುದೇ ಇಲ್ಲ. ಅದಕ್ಕೇ ಸ್ಟೆಬಿಲಿಟಿ ಟೆಸ್ಟನ್ನು ಗಾಜಿನ ಶೀಶೆಯಲ್ಲಿ ಮಾತ್ರ ಮಾಡಿದರೆ ಸಾಲದು, ಮಾರುವ ಬಾಟಲಿಯಲ್ಲೇ ಮಾಡಬೇಕು. ಅಂದರೆ ಪರೀಕ್ಷೆ ಶುರುವಾಗುವ ಹೊತ್ತಿಗೆ ಯಾವ ಬಾಟಲಿ ಎಂಬುದು ಗೊತ್ತಾಗಿರಬೇಕು. ಬ್ರೀಫಿನಲ್ಲೇ ಬಾಟಲಿ ಬರಬೇಕು ಎಂದದ್ದು ಇದಕ್ಕೆ.

ಯಾರ ಕೈಯಲ್ಲೂ ಇಲ್ಲದ ತಡಗಳೂ ಇವೆ. 2020ರಲ್ಲಿ ಜಗತ್ತೆಲ್ಲ ಸ್ಯಾನಿಟೈಸರ್ ಹಿಂದೆ ಬಿದ್ದಾಗ ಪಂಪ್‌ಗಳಿಗೆ ಬರ ಬಂತು. ಜೆಲ್ ಗಟ್ಟಿಮಾಡುವ ಕಾರ್ಬೋಮರ್‌ಗೂ ಹಾಗೇ. ಸ್ಯಾನಿಟೈಸರ್‌ಗೆ ಸಂಬಂಧವೇ ಇಲ್ಲದ ಮುಖದ ಜೆಲ್‌ಗಳು ಅದಕ್ಕೆ ಬಲಿಯಾದವು. 2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಎಂಬ ಹಡಗು ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡು ಆರು ದಿನ ದಾರಿ ಮುಚ್ಚಿತು. ಇನ್ನು ಪ್ರತಿವರ್ಷ ಬರುವ ಚೀನೀ ಹೊಸವರ್ಷದ ರಜೆ ಇದೆ. ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಅಲ್ಲಿನ ಫ್ಯಾಕ್ಟರಿಗಳು ವಾರಗಟ್ಟಲೆ ಮುಚ್ಚುತ್ತವೆ. ಹಡಗು ಸಿಕ್ಕಿಕೊಂಡರೆ ಪಾಪ ಅನ್ನಬಹುದು, ಕ್ಯಾಲೆಂಡರಿನಲ್ಲೇ ಇರುವ ರಜೆಗೆ ಸಿಕ್ಕಿಕೊಂಡರೆ ಏನನ್ನುವುದು?

ಒಂದು ಕಿಲೋ ಬೇರೆ, ಒಂದು ಟನ್ ಬೇರೆ

ಲೋಟದ ಬಿಸಿನೀರು ಸ್ವಲ್ಪ ಹೊತ್ತಿಗೆ ತಣ್ಣಗಾಗುತ್ತದೆ, ಹಂಡೆಯದ್ದು ಗಂಟೆಗಟ್ಟಲೆ ಬಿಸಿಯಾಗಿಯೇ ಇರುತ್ತದೆ. ಕ್ರೀಮ್ ಕೂಡ ಹಾಗೇ. ಲ್ಯಾಬಿನಲ್ಲಿ ಒಂದು ಕಿಲೋ ಬೇಗ ತಣ್ಣಗಾಗುತ್ತದೆ. ಒಂದು ಟನ್ ಹಿಡಿಯುವ ಪಾತ್ರೆಯಲ್ಲಿ ಗಂಟೆಗಳೇ ಬೇಕು. ಅಷ್ಟು ಹೊತ್ತು ಬಿಸಿಯಲ್ಲಿ ತಿರುಗಿಸಿದರೆ ದಪ್ಪ ಬೇರೆಯಾಗುತ್ತದೆ. ಬಿಸಿ ತಡೆಯದ ಪರಿಮಳ ಮತ್ತು ಕೆಲವು ಪ್ರಿಸರ್ವೇಟಿವ್‌ಗಳನ್ನು 40-45 ಡಿಗ್ರಿಗೆ ಇಳಿದ ಮೇಲೆ ಹಾಕಬೇಕು, ಅದಕ್ಕೂ ಕಾಯಬೇಕು.

ಅದಕ್ಕೇ ನಡುವೆ 20-50 ಕಿಲೋದ ಪೈಲಟ್ ಬ್ಯಾಚ್ ಮಾಡುತ್ತಾರೆ. ಅವಸರದಲ್ಲಿ ಮೊದಲು ಹಾರಿಸುವ ಮೆಟ್ಟಿಲು ಇದು. ಬಿದ್ದರೆ ಟನ್ನುಗಟ್ಟಲೆ ಕ್ರೀಮ್ ಚೆಲ್ಲಬೇಕಾಗುವ ಮೆಟ್ಟಿಲೂ ಇದೇ. ದೊಡ್ಡ ಬ್ಯಾಚ್ ಆದ ಮೇಲೂ ಕೂಡಲೇ ಕಳಿಸುವಂತಿಲ್ಲ. ಸೂಕ್ಷ್ಮಜೀವಿಗಳ ಎಣಿಕೆಯ ವರದಿ ಬರುವವರೆಗೆ, ಅಂದರೆ ಹಲವು ದಿನ, ಸರಕನ್ನು ಪ್ರತ್ಯೇಕವಾಗಿ ಇಡುತ್ತಾರೆ.

ಕಾಗದಪತ್ರ ಮತ್ತು ಲೇಬಲ್

ಒಂದೇ ಸನ್‌ಸ್ಕ್ರೀನ್ ಯುರೋಪಿನಲ್ಲಿ ಸೌಂದರ್ಯವರ್ಧಕ, ಅಮೆರಿಕದಲ್ಲಿ ಔಷಧಿಯ ಲೆಕ್ಕ. ಹಾಗಾಗಿ 'ಎಲ್ಲಿ ಮಾರುತ್ತೀರಿ' ಎಂಬುದರ ಮೇಲೆ ವೇಳಾಪಟ್ಟಿಯೇ ಬದಲಾಗುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ 2013ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ಅರ್ಹ ತಜ್ಞರು ಬರೆದ ಸುರಕ್ಷತಾ ವರದಿ ಇಲ್ಲದೆ ಮಾರುವಂತಿಲ್ಲ. ಆ ವರದಿಗೆ ಸ್ಟೆಬಿಲಿಟಿ ಮತ್ತು ಸೂಕ್ಷ್ಮಜೀವಿ ಪರೀಕ್ಷೆಯ ಫಲಿತಾಂಶ ಬೇಕು. ಅಮೆರಿಕದಲ್ಲಿ 2022ರ ಕೊನೆಗೆ ಬಂದ ಕಾನೂನು ಫ್ಯಾಕ್ಟರಿ ನೋಂದಣಿ ಮತ್ತು ಉತ್ಪನ್ನಗಳ ಪಟ್ಟಿಯನ್ನು ಕಡ್ಡಾಯ ಮಾಡಿತು.

ನಿಯಮಗಳು ನಡುದಾರಿಯಲ್ಲೂ ಬದಲಾಗುತ್ತವೆ. ಲಿಲಿಯಲ್ ಎಂಬ ಸುವಾಸನೆಯ ಪದಾರ್ಥ ಯುರೋಪಿನಲ್ಲಿ 2022ರ ಮಾರ್ಚ್ 1ರಿಂದ ನಿಷೇಧವಾಯಿತು. ಅಂಗಡಿಯಲ್ಲಿದ್ದ ಹಳೆಯ ಸ್ಟಾಕನ್ನೂ ಮಾರುವಂತಿರಲಿಲ್ಲ. ಜೆಲ್ ನೇಲ್ ಪಾಲಿಶ್‌ನಲ್ಲಿ ಬಳಸುತ್ತಿದ್ದ ಟಿಪಿಒ 2025ರ ಸೆಪ್ಟೆಂಬರ್ 1ರಿಂದ ಹೋಯಿತು. ಲೇಬಲ್ ಮೇಲೆ ಹೆಸರಿಸಬೇಕಾದ ಪರಿಮಳದ ಅಲರ್ಜಿಕಾರಕಗಳು ಮೊದಲು 26 ಇದ್ದವು, 2023ರ ನಿಯಮ ಅವನ್ನು 80ಕ್ಕೂ ಜಾಸ್ತಿ ಮಾಡಿತು. ಹೊಸ ಉತ್ಪನ್ನಗಳಿಗೆ 2026ರ ಜುಲೈ 31 ಗಡುವು, ಹಳೆಯವಕ್ಕೆ 2028ರ ಜುಲೈ 31. ಇಂಥವು ದಿಢೀರನೆ ಬರುವುದಿಲ್ಲ, ಮೊದಲೇ ಪ್ರಕಟವಾಗಿರುತ್ತವೆ. ಬ್ರೀಫ್ ಬರೆಯುವ ದಿನ ಯಾರಾದರೂ ಒಬ್ಬರು ಓದಿರಬೇಕು, ಅಷ್ಟೇ.

ಹಿಂದಿನಿಂದ ಎಣಿಸಿದರೆ

ಇಷ್ಟು ಗೊತ್ತಾದ ಮೇಲೆ ವೇಳಾಪಟ್ಟಿ ಹಾಕುವುದು ಕಷ್ಟವಿಲ್ಲ. ಇವತ್ತಿನಿಂದ ಮುಂದಕ್ಕೆ ಎಣಿಸಬಾರದು, ಲಾಂಚ್ ದಿನದಿಂದ ಹಿಂದಕ್ಕೆ ಎಣಿಸಬೇಕು.

ಇರುವ ಅಚ್ಚಿನ ಬಾಟಲಿಯಲ್ಲಿ ಒಂದು ಸಾದಾ ಕ್ರೀಮ್ ಅಂದುಕೊಳ್ಳೋಣ. ಲಾಂಚ್‌ಗೆ 2 ವಾರ ಮುಂಚೆ ಸರಕು ಗೋದಾಮಿನಲ್ಲಿರಬೇಕು. ಸಾಗಣೆಗೆ 4 ವಾರ, ಅಲ್ಲಿಗೆ 6. ತಯಾರಿ, ತುಂಬುವುದು, ವರದಿ ಬರುವುದಕ್ಕೆ 3 ವಾರ, ಅಲ್ಲಿಗೆ 9. ಬಾಟಲಿ, ಕಚ್ಚಾ ಸಾಮಾನು ಒಂದು ವಾರ ಮುಂಚೆ ಬಂದಿರಬೇಕು, 10. ಸ್ಟೆಬಿಲಿಟಿ ಮುಗಿದು ಸುರಕ್ಷತಾ ವರದಿ ಬರೆಯಲು ಸಮಯ ಬೇಕಲ್ಲ, ಅದಕ್ಕೆ ಲಾಂಚ್‌ಗೆ 12 ವಾರ ಇರುವಾಗಲೇ ಪರೀಕ್ಷೆ ಮುಗಿದಿರಬೇಕು. ಹಾಗಾದರೆ ಅದು ಶುರುವಾಗಬೇಕಾದದ್ದು ಲಾಂಚ್‌ಗೆ 24 ವಾರ ಮುಂಚೆ. ಅದೇ ಫಾರ್ಮುಲಾ ಫ್ರೀಜ್. ಅದರ ಹಿಂದೆ ಸ್ಯಾಂಪಲ್ ಸುತ್ತುಗಳಿಗೆ 10 ವಾರ, ಬ್ರೀಫಿಗೆ 2, ಏನಾದರೂ ಎಡವಟ್ಟಾದರೆ ಇರಲಿ ಎಂದು 4. ಒಟ್ಟು 40 ವಾರ. ಹೊಸ ಅಚ್ಚು ಬೇಕೆಂದರೆ ವರ್ಷ ದಾಟಿತು.

ಈ ಲೆಕ್ಕದಲ್ಲಿ ಒಂದು ಮುಳ್ಳು ಇದೆ, ಗಮನಿಸಿದಿರಾ? ಬಾಟಲಿ ತಯಾರಾಗಿ ಬರಲು 14 ವಾರ ಅಂದುಕೊಂಡರೆ ಅದರ ಆರ್ಡರನ್ನೂ 24ನೇ ವಾರದಲ್ಲೇ ಕೊಡಬೇಕು. ಪರೀಕ್ಷೆ ಶುರುವಾದ ದಿನವೇ, ಫಲಿತಾಂಶ ಗೊತ್ತಿಲ್ಲದೆ. ಫಲಿತಾಂಶ ನೋಡಿಯೇ ಕೊಡುತ್ತೇನೆ ಅಂದರೆ ಲಾಂಚ್ ಮೂರು ತಿಂಗಳು ಮುಂದೆ ಹೋಗುತ್ತದೆ. ಎರಡೂ ತಪ್ಪಲ್ಲ, ಆದರೆ ಯಾವುದನ್ನು ಆರಿಸಿದ್ದೇವೆ ಎಂದು ಗೊತ್ತಿದ್ದು ಆರಿಸಬೇಕು. ನಡುವಿನ ಒಂದು ದಾರಿ ಚೆನ್ನಾಗಿ ಕೆಲಸ ಮಾಡುತ್ತದೆ: ಖಾಲಿ ಬಾಟಲಿಯನ್ನು ಮೊದಲೇ ತರಿಸಿ, ಪದಾರ್ಥಗಳ ಪಟ್ಟಿ ಇರುವ ಲೇಬಲನ್ನು ಮಾತ್ರ ಕೊನೆಗೆ ಮುದ್ರಿಸುವುದು. ಫಾರ್ಮುಲಾ ಬದಲಾದರೂ ಬಾಟಲಿ ಬೇರೆಯದಕ್ಕೆ ಆಗುತ್ತದೆ. ಹೆಸರು, ಪಟ್ಟಿ ಎಲ್ಲ ಬಾಟಲಿಯ ಮೇಲೇ ಅಚ್ಚಾಗಿದ್ದರೆ ಅದು ಗುಜರಿಗೇ.

ತಡವಾಗಿಯೇ ಹೋದರೆ

ಎಷ್ಟು ಎಣಿಸಿದರೂ ಒಮ್ಮೊಮ್ಮೆ ವಾರಗಳು ಜಾರುತ್ತವೆ. ಆಗ ಕೈ ಹಾಕಬೇಕಾದ್ದು ಗೋಡೆಗೆ, ಕಾಂಕ್ರೀಟಿಗಲ್ಲ. ಹಡಗಿನ ಬದಲು ಸ್ವಲ್ಪ ಸರಕನ್ನು ವಿಮಾನದಲ್ಲಿ ತರಿಸಬಹುದು. ಆರು ಬಣ್ಣದ ಲಿಪ್‌ಸ್ಟಿಕ್ ಬದಲು ಪರೀಕ್ಷೆ ಮುಗಿದ ನಾಲ್ಕನ್ನೇ ಮೊದಲು ಬಿಡಬಹುದು. ಹೊರಪೆಟ್ಟಿಗೆಯ ಮಿನುಗು ಮುದ್ರಣ ಬಿಟ್ಟು ಸಾದಾ ಮುದ್ರಣಕ್ಕೆ ಹೋಗಬಹುದು. 24 ಗಂಟೆಯ ಅಳತೆ ಮುಗಿಯದಿದ್ದರೆ ಆ ಸಾಲನ್ನು ಲೇಬಲ್‌ನಿಂದ ತೆಗೆದು ಮುಂದಿನ ಮುದ್ರಣಕ್ಕೆ ಇಡಬಹುದು. 12 ವಾರದ ಪರೀಕ್ಷೆಯನ್ನು 8ಕ್ಕೇ ನಿಲ್ಲಿಸಿ 'ಇಲ್ಲಿವರೆಗೆ ಚೆನ್ನಾಗೇ ಇದೆ' ಅನ್ನುವುದೂ ಆಗಾಗ ಕೇಳಿಬರುವ ಸಲಹೆ. ಕ್ರೀಮ್ 9ನೇ ವಾರಕ್ಕೆ ಒಡೆಯುವಂಥದ್ದಾದರೆ ಅದು ಗೊತ್ತಾಗುವಷ್ಟರಲ್ಲಿ ಗ್ರಾಹಕರ ಮನೆಯಲ್ಲಿರುತ್ತದೆ, ವಾಪಸ್ ತರಿಸುವ ಕೆಲಸಕ್ಕೆ ಯಾವ ವೇಳಾಪಟ್ಟಿಯಲ್ಲೂ ಜಾಗ ಇರುವುದಿಲ್ಲ.

ಲಾಂಚ್ ಆದ ದಿನವೂ 25 ಡಿಗ್ರಿಯಲ್ಲಿಟ್ಟ ಸ್ಯಾಂಪಲ್‌ಗಳು ಲ್ಯಾಬಿನ ಕಪಾಟಿನಲ್ಲೇ ಇರುತ್ತವೆ. ಬಿಸಿ ಪೆಟ್ಟಿಗೆ ಹೇಳಿದ್ದು ಒಂದು ಅಂದಾಜು. ಅದು ನಿಜವೋ ಅಲ್ಲವೋ ಎಂದು ಹೇಳುವುದು ಇವು. ಆರನೇ ತಿಂಗಳು, ಹನ್ನೆರಡನೇ ತಿಂಗಳು, ಎರಡನೇ ವರ್ಷ ಯಾರೋ ಒಬ್ಬರು ಬಂದು ಮುಚ್ಚಳ ತೆರೆದು, ಮೂಸಿ, ಅಳೆದು, ಬರೆದು ಮತ್ತೆ ಮುಚ್ಚಿಡುತ್ತಾರೆ.